ನೀರಿಗೆ ರಜೆಯಿಲ್ಲ

ಹಿಮ ಬೀಳುವ ಚಳಿಗಾಲದ ರಜೆಯನ್ನು ಚಿತ್ರದಲ್ಲಿ ನೋಡಿದವರಿಗೆ ಅದು ಬಿಳುಪು. ಮನೆಯೊಳಗಿದ್ದು ಸಂಸಾರ ನಡೆಸಿದವರಿಗೆ ಅದು ಒದ್ದೆ. ಶಾಲೆಗೆ ರಜೆ, ಕಚೇರಿಗೆ ರಜೆ, ಮೂರು ಮೂರೂವರೆಗೇ ಮಂಕಾಗುವ ಸೂರ್ಯನಿಗೂ ಅರ್ಧ ದಿನದ ರಜೆ. ನೀರೊಂದಕ್ಕೆ ಮಾತ್ರ ರಜೆಯಿಲ್ಲ. ಅಂಗಳದಲ್ಲಿ ಹಿಮವಾಗಿ ಕೂತಿರುತ್ತದೆ, ಮೆಟ್ಟಿಲ ಮೇಲೆ ಗಾಜಿನಂತೆ ಮಲಗಿರುತ್ತದೆ, ಹೊಸ್ತಿಲು ದಾಟುತ್ತಲೇ ಕೊಚ್ಚೆಯಾಗುತ್ತದೆ, ಕಿಟಕಿಯಲ್ಲಿ ಹನಿಗಟ್ಟುತ್ತದೆ, ಗೋಡೆಯೊಳಗಿನ ಪೈಪಿನಲ್ಲಿ ಸದ್ದಿಲ್ಲದೆ ಹೆಪ್ಪುಗಟ್ಟುತ್ತದೆ. ಬೇಡವಾದ ಕಡೆಯೆಲ್ಲ ಹೀಗೆ ಹಾಜರಿರುವ ಈ ನೀರು ಬೇಕಾದ ಕಡೆ, ಅಂದರೆ ಒಣಗಿ ಸುಡುವ ಮೂಗಿನಲ್ಲಿ, ಒಡೆದ ತುಟಿಯಲ್ಲಿ, ಹುಡುಕಿದರೂ ಸಿಗುವುದಿಲ್ಲ. ಈ ದಿನಗಳ ಮನೆವಾರ್ತೆ ಎಂದರೆ ಮುಕ್ಕಾಲು ಪಾಲು ನೀರನ್ನು ಅದರದರ ಜಾಗದಲ್ಲಿ ಕೂರಿಸುವ ಚಾಕರಿ.

ಚಾಕರಿ ಬೆಳಗ್ಗೆ ಸಲಿಕೆಯಿಂದ ಶುರು. ಹತ್ತಿ ಹಿಂಜಿದಂತೆ ಇಳಿಯುವ ಹಿಮವನ್ನು ಕಂಡವರು ಇದಕ್ಕೇನು ತೂಕ ಎಂದುಕೊಳ್ಳುತ್ತಾರೆ. ಕಡು ಚಳಿಯಲ್ಲಿ ಆಗಷ್ಟೇ ಬಿದ್ದ ಒಣ ಹಿಮ ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬಿದ್ದು ನೀರು ಕುಡಿದ ಹಿಮ 300 ಕಿಲೋ ದಾಟುತ್ತದೆ. ಬಾಗಿಲಿನಿಂದ ಬೀದಿಯವರೆಗೆ 10 ಮೀಟರ್ ಉದ್ದ, ಒಂದು ಮೀಟರ್ ಅಗಲದ ದಾರಿ, ಅದರ ಮೇಲೆ 15 ಸೆಂಟಿಮೀಟರ್ ಹಿಮ ಎಂದಿಟ್ಟುಕೊಳ್ಳಿ. ಒಣ ಹಿಮವಾದರೆ ಒಂದೂವರೆ ಕ್ವಿಂಟಲ್ ಒಳಗೆ ಕೆಲಸ ಮುಗಿಯಿತು. ಒದ್ದೆಯದಾದರೆ ನಾಲ್ಕೂವರೆ ಕ್ವಿಂಟಲ್, ಅದೂ ಬೆಳಗಿನ ಕಾಫಿಗೆ ಮುಂಚೆ. ವರ್ಷವಿಡೀ ಕುರ್ಚಿ ಬಿಟ್ಟೇಳದ ದೇಹಕ್ಕೆ ಇದು ಹುಡುಗಾಟವಲ್ಲ. ಚಳಿಗೆ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಭಾರ ಎತ್ತುವಾಗ ಉಸಿರು ಕಟ್ಟುತ್ತೇವೆ, ಹೃದಯಕ್ಕೆ ಎರಡೂ ಕಡೆಯ ಹೊಡೆತ. ಎದೆಯ ತೊಂದರೆ ಇದ್ದವರ ಕೈಗೆ ಸಲಿಕೆ ಕೊಡಲೇಬಾರದು. ಗಟ್ಟಿಯಿದ್ದವರೂ ಹಿಮವನ್ನು ಎತ್ತುವ ಬದಲು ತಳ್ಳಬೇಕು. ಎತ್ತಲೇಬೇಕಾದರೆ ಮಂಡಿ ಬಗ್ಗಿಸಿ, ಅರ್ಧ ಸಲಿಕೆ ಮಾತ್ರ ತುಂಬಿ, ಸೊಂಟ ತಿರುಚದೆ ಇಡೀ ಮೈಯನ್ನೇ ತಿರುಗಿಸಿ ಹಾಕಬೇಕು. ಹೆಗಲ ಮೇಲಿಂದ ಹಿಂದಕ್ಕೆ ಎಸೆಯುವ ಶೂರರಿಗೆ ರಜೆಯ ಉಳಿದ ದಿನಗಳು ಹಾಸಿಗೆಯಲ್ಲೇ.

ಸಲಿಕೆಗೆ ಹಿಮ ಅಂಟಿಕೊಂಡು ಬೀಳದಿದ್ದರೆ ಸಲಿಕೆ ಬೆಚ್ಚಗಿದೆ ಎಂದರ್ಥ. ಒಳಗಿಟ್ಟಿದ್ದ ಸಲಿಕೆಯನ್ನು ಹಾಗೇ ತಂದು ಹಿಮಕ್ಕೆ ತಾಗಿಸಿದರೆ ಮೊದಲ ಪದರ ಕರಗಿ, ಮತ್ತೆ ಹೆಪ್ಪಾಗಿ, ಮೆತ್ತಿಕೊಳ್ಳುತ್ತದೆ. ಹತ್ತು ನಿಮಿಷ ಹೊರಗಿಟ್ಟು ತಣಿಸಿ. ಅಲಗಿಗೆ ಮೇಣದಬತ್ತಿಯ ತುಂಡನ್ನು ಉಜ್ಜಿದರೆ ಇನ್ನೂ ವಾಸಿ. ಹಿಮ ಪೂರ್ತಿ ನಿಲ್ಲಲಿ, ಒಟ್ಟಿಗೇ ತೆಗೆದರಾಯಿತು ಎಂದು ಕಾಯುವವರು ಒಂದು ಸಂಗತಿ ಮರೆಯುತ್ತಾರೆ: ಅಷ್ಟರಲ್ಲಿ ಮನೆಯವರೆಲ್ಲ ಅದರ ಮೇಲೆ ನಾಲ್ಕು ಸಲ ಓಡಾಡಿರುತ್ತಾರೆ. ತುಳಿದ ಹಿಮ ಹಿಮವಲ್ಲ, ಹೆಜ್ಜೆ ಆಕಾರದ ಮಂಜುಗಡ್ಡೆ. ಇಷ್ಟೆಲ್ಲ ಮಾಡಿ ದಾರಿ ಚೊಕ್ಕ ಮಾಡಿ ನಿಟ್ಟುಸಿರು ಬಿಡುವ ಹೊತ್ತಿಗೆ ಬೀದಿ ತೆರವು ಮಾಡುವ ಗಾಡಿ ಬಂದು, ಬೀದಿಯ ಹಿಮವನ್ನೆಲ್ಲ ನಿಮ್ಮ ಗೇಟಿನ ಬಾಯಿಗೆ ಒಡ್ಡು ಹಾಕಿ ಹೋಗುತ್ತದೆ. ಇದಕ್ಕೆ ಪರಿಹಾರವಿಲ್ಲ. ಅದು ಗಟ್ಟಿಯಾಗುವ ಮೊದಲು ಇನ್ನೊಮ್ಮೆ ಹೊರಗೆ ಹೋಗಬೇಕು, ಅಷ್ಟೆ.

ಹೊರಗಿರುವಾಗಲೇ ನೋಡಬೇಕಾದ್ದು ಇನ್ನೊಂದಿದೆ. ಮನೆ ಬೆಚ್ಚಗಿಡುವ ಒಲೆಯ ಹೊಗೆ ಗೋಡೆಯ ಕೆಳಭಾಗದ ಕೊಳವೆಯಿಂದ ಹೊರಹೋಗುವ ಮನೆಗಳಲ್ಲಿ ಹಿಮ ಅದರ ಬಾಯಿ ಮುಚ್ಚಬಹುದು. ಹಿಮದಲ್ಲಿ ಹೂತ ಕಾರಿನ ಹೊಗೆಕೊಳವೆಯದೂ ಅದೇ ಕಥೆ. ಹೊರಹೋಗಬೇಕಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದಾರಿಗಿಂತ ಮೊದಲು ಈ ಎರಡು ಬಾಯಿ ಬಿಡಿಸುವುದು ಒಳ್ಳೆಯದು. ಇದು ತಮಾಷೆಯ ವಿಷಯವಲ್ಲವಾದ್ದರಿಂದ ಇಲ್ಲಿಗೇ ಬಿಡೋಣ.

ಇನ್ನು ಉಪ್ಪು. ಹಿಮ ತೆಗೆಯುವ ಬದಲು ಅದರ ಮೇಲೇ ಉಪ್ಪು ಸುರಿದು ಕೈತೊಳೆದುಕೊಳ್ಳುವ ಜಾಣರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಉಪ್ಪು ಇರುವುದು ಹಿಮ ಕರಗಿಸಲಿಕ್ಕಲ್ಲ, ಸಲಿಕೆಗೆ ಸಿಗದೆ ಉಳಿದ ತೆಳು ಪದರವನ್ನು ನೆಲದಿಂದ ಬಿಡಿಸಲಿಕ್ಕೆ. ಹರಳಿಗೂ ಹರಳಿಗೂ ಮೂರು ನಾಲ್ಕು ಬೆರಳಗಲ ಜಾಗ ಬಿಟ್ಟು ಚೆಲ್ಲಿದರೆ ಸಾಕು. ಮಾಮೂಲಿ ಉಪ್ಪು ಮೈನಸ್ 9 ಡಿಗ್ರಿಯವರೆಗೆ ಚೆನ್ನಾಗಿ ದುಡಿಯುತ್ತದೆ, ಅದಕ್ಕಿಂತ ಕೆಳಗೆ ಸೋಮಾರಿಯಾಗುತ್ತದೆ. ಮೈನಸ್ 21ರ ಕೆಳಗಂತೂ ಎಷ್ಟು ಸುರಿದರೂ ದಂಡ. ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಇನ್ನೊಂದು ಲವಣ ಕರಗುವಾಗ ತಾನೇ ಬಿಸಿ ಹೊಮ್ಮಿಸುತ್ತದೆ, ಇನ್ನೂ ಕಡು ಚಳಿಯಲ್ಲೂ ಕೆಲಸ ಮಾಡುತ್ತದೆ. ಮರಳು ಏನನ್ನೂ ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಗಿಡಗಳ ಬೇರು, ನಾಯಿಯ ಪಾದ, ಹೊಸ ಕಾಂಕ್ರೀಟು ಮೂರಕ್ಕೂ ಅದೇ ಕ್ಷೇಮ. ಮೆಟ್ಟಿಲ ಮಂಜುಗಡ್ಡೆಗೆ ಬಿಸಿನೀರು ಹುಯ್ಯುವ ಉಪಾಯ ಹೊಳೆದರೆ ಅದನ್ನು ಅಲ್ಲೇ ಅದುಮಿಡಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತಿಗೆ ಇಷ್ಟು ನುಣುಪಾದ ನಿದರ್ಶನ ಬೇರೆ ಸಿಗದು: ಅರ್ಧ ಗಂಟೆಯಲ್ಲಿ ಆ ನೀರೇ ಕನ್ನಡಿಯಂತೆ ಹೆಪ್ಪಾಗಿರುತ್ತದೆ.

ಆ ಉಪ್ಪು, ಮರಳು, ಹಿಮ ಮೂರೂ ಬೂಟಿಗೆ ಅಂಟಿಕೊಂಡು ಹೊಸ್ತಿಲಿಗೆ ಬರುತ್ತವೆ. ಹೊರಗಡೆ ಬೂಟು ಒದರಲು ಒರಟು ಚಾಪೆ, ಒಳಗಡೆ ನೀರು ಹೀರಲು ಮೆತ್ತನೆಯದು, ಎರಡೂ ಬೇಕು. ಒಂದರ ಕೆಲಸ ಇನ್ನೊಂದಕ್ಕೆ ಬಾರದು. ಪಕ್ಕದಲ್ಲಿ ಅಂಚು ಕಟ್ಟಿದ ತಟ್ಟೆಯಲ್ಲಿ ನುಣುಪು ಬೆಣಚುಕಲ್ಲು ಹರಡಿ ಅದರ ಮೇಲೆ ಬೂಟು ಇಟ್ಟರೆ, ಇಳಿದ ನೀರು ಕಲ್ಲಿನಡಿ ಸೇರುತ್ತದೆ, ಬೂಟಿನ ಅಡಿ ಅದರಲ್ಲೇ ನೆನೆಯುವುದಿಲ್ಲ. ಒದ್ದೆ ಬೂಟನ್ನು ಹೀಟರಿಗೆ ಒರಗಿಸುವುದು ಎಲ್ಲರೂ ಮಾಡುವ ತಪ್ಪು. ಚರ್ಮ ಬಿರಿಯುತ್ತದೆ, ಅಡಿಯ ಅಂಟು ಬಿಡುತ್ತದೆ. ಒಳಪದರ ಹೊರಗೆಳೆದು, ಹಳೆ ಪತ್ರಿಕೆ ಮುದ್ದೆ ಮಾಡಿ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿದರೆ ಬೆಳಗಿನೊಳಗೆ ಒಣಗಿರುತ್ತದೆ. ಪತ್ರಿಕೆ ತರಿಸುವುದನ್ನು ನಿಲ್ಲಿಸಿದವರಿಗೆ ಅದರ ಬೆಲೆ ಗೊತ್ತಾಗುವುದು ಈಗಲೇ. ಚರ್ಮದ ಮೇಲೆ ಉಪ್ಪು ಬಿಡಿಸಿದ ಬಿಳಿ ರಂಗೋಲಿಗೆ ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಒರೆಸಬೇಕು. ಕೈಗವಸುಗಳ ವಿಷಯದಲ್ಲಿ ಮಾತ್ರ ಯಾವ ವಿಧಾನವೂ ನಡೆಯುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಎಷ್ಟು ಜೊತೆ ತಂದರೂ ರಜೆಯ ಮೂರನೇ ದಿನ ಒಣಗಲು ಹಾಕಿದ ದಾರದಲ್ಲಿ ಒಂಟಿ ಕೈಗವಸುಗಳೇ ತೂಗುತ್ತಿರುತ್ತವೆ.

ಬಾಗಿಲಲ್ಲಿ ಇಷ್ಟು ನೀರಿದ್ದೂ ಒಳಗೆ ಮೈ ಏಕೆ ತುರಿಸುತ್ತದೆ? ಮೈನಸ್ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಎಷ್ಟೇ ಪ್ರಯತ್ನಪಟ್ಟರೂ ಎರಡು ಗ್ರಾಮಿನ ಆಸುಪಾಸಿನಷ್ಟೇ ಆವಿ ಹೊರಬಲ್ಲದು. 20 ಡಿಗ್ರಿಯ ಗಾಳಿ ಹೊರಬಲ್ಲದ್ದು ಸುಮಾರು 17 ಗ್ರಾಂ. ಹೊರಗಿನ ಗಾಳಿ ಸಂದಿಗೊಂದಿಯಿಂದ ನುಗ್ಗಿ ಒಳಗೆ ಬಿಸಿಯಾದಾಗ ಅದರ ಹೊಟ್ಟೆ ದೊಡ್ಡದಾಗುತ್ತದೆ, ಊಟ ಮಾತ್ರ ಅಷ್ಟೇ. ತೇವಾಂಶ ಶೇಕಡ 12-13ಕ್ಕೆ ಇಳಿದ ಆ ಹಸಿದ ಗಾಳಿ ಸಿಕ್ಕಸಿಕ್ಕಲ್ಲಿ ನೀರು ಕೀಳುತ್ತದೆ: ಚರ್ಮದಿಂದ, ಗಂಟಲಿನಿಂದ, ಮರದ ಮೇಜಿನಿಂದ, ವೀಣೆ ಗಿಟಾರುಗಳಿಂದ. ಉಣ್ಣೆಯ ಅಂಗಿ ತೊಟ್ಟು ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಕಿಡಿ. ತೇವಾಂಶ ಶೇಕಡ 30ರಿಂದ 40ರ ನಡುವೆ ಇದ್ದರೆ ಮನುಷ್ಯರಿಗೂ ಮೇಜಿಗೂ ಹಿತ. ಅದಕ್ಕಾಗಿ ತರುವ ಹ್ಯುಮಿಡಿಫೈಯರಿನ ನೀರನ್ನು ದಿನವೂ ಬದಲಿಸದಿದ್ದರೆ ಅದು ಪಾಚಿಯನ್ನೂ ಸೂಕ್ಷ್ಮಜೀವಿಗಳನ್ನೂ ಮನೆತುಂಬ ಹಂಚುತ್ತದೆ. ಕಂಪನದಿಂದ ನೀರನ್ನು ಸಣ್ಣ ಹನಿಯಾಗಿಸಿ ಹಾರಿಸುವ ಅಲ್ಟ್ರಾಸಾನಿಕ್ ಬಗೆಯದಾದರೆ ಗಡಸು ನೀರು ಹಾಕಬಾರದು. ನೀರಿನ ಸುಣ್ಣವೆಲ್ಲ ಬಿಳಿ ಪುಡಿಯಾಗಿ ಕಪಾಟಿನ ಮೇಲೆ ಕೂರುತ್ತದೆ, ಒರೆಸಿದವರು ಹೊರಗಿನ ಹಿಮವೇ ಒಳಬಂತೇ ಎಂದು ಬೆರಗಾಗುತ್ತಾರೆ.

ಹಾಗೆಂದು ತೇವ ಹೆಚ್ಚಿಸುತ್ತ ಹೋಗುವಂತಿಲ್ಲ, ಕಿಟಕಿ ತಕರಾರು ತೆಗೆಯುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇಕಡ 40 ಇದ್ದರೆ, 6 ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಸಿಕ್ಕರೂ ಅಲ್ಲಿ ಹನಿ ಮೂಡುತ್ತದೆ. ಒಂಟಿ ಗಾಜಿನ ಕಿಟಕಿ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಚಳಿಯೆಂದು ದಪ್ಪ ಪರದೆ ಎಳೆದರೆ ಕೋಣೆಯ ಬಿಸಿ ಗಾಜಿಗೆ ತಲುಪದೆ ಅದು ಇನ್ನೂ ತಣ್ಣಗಾಗುತ್ತದೆ, ಬೆಳಗ್ಗೆ ಚೌಕಟ್ಟಿನ ಮೂಲೆಯಲ್ಲಿ ಕೆರೆ. ಅದನ್ನು ಒರೆಸದೆ ಬಿಟ್ಟರೆ ವಾರದಲ್ಲಿ ಕಪ್ಪು ಬೂಷ್ಟು. ರಜೆಯಲ್ಲಿ ನೆಂಟರು ಬಂದರಂತೂ ಮುಗಿಯಿತು. ಒಬ್ಬ ಮನುಷ್ಯ ಸುಮ್ಮನೆ ಕೂತರೂ ಉಸಿರು, ಚರ್ಮಗಳಿಂದ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ನೀರು ಬಿಡುತ್ತಾನೆ. ಎಂಟು ಜನ ಹರಟುತ್ತ ಕೂತ ಕೋಣೆಗೆ ಯಂತ್ರವೇ ಬೇಡ, ಹರಟೆಯೇ ಆವಿ. ಕಿಟಕಿಯನ್ನು ದಿನವಿಡೀ ಬೆರಳಗಲ ತೆರೆದಿಟ್ಟರೆ ಗೋಡೆ ತಣ್ಣಗಾಗುವುದೊಂದೇ ಫಲ. ಎದುರುಬದರು ಕಿಟಕಿಗಳನ್ನು ಐದು ನಿಮಿಷ ಪೂರ್ತಿ ತೆರೆದು ಮುಚ್ಚಿದರೆ ತೇವದ ಗಾಳಿ ಹೋಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ. ಆ ಐದು ನಿಮಿಷದ ಬೈಗುಳವನ್ನು ಯಾರಾದರೂ ಒಬ್ಬರು ಹೊರಬೇಕು.

ರಜೆಗೆಂದು ಕಡಿದ ಮರವನ್ನು ಒಳಗೆ ನಿಲ್ಲಿಸಿಕೊಳ್ಳುವ ಮನೆಯಲ್ಲಿ ನೀರು ಕೇಳುವ ಬಾಯಿ ಇನ್ನೊಂದು. ಕಡಿದ ತುದಿಗೆ ಕೆಲವೇ ಗಂಟೆಗಳಲ್ಲಿ ರಾಳ ಮುಚ್ಚಿಕೊಳ್ಳುವುದರಿಂದ, ನಿಲ್ಲಿಸುವ ಮುಂಚೆ ಬುಡದಿಂದ ಒಂದೆರಡು ಸೆಂಟಿಮೀಟರಿನ ಬಿಲ್ಲೆಯನ್ನು ಅಡ್ಡಕ್ಕೆ ಕೊಯ್ದು ತೆಗೆಯಬೇಕು. ಸ್ಟ್ಯಾಂಡಿಗೆ ಬುಡ ಹಿಡಿಸುತ್ತಿಲ್ಲವೆಂದು ಸುತ್ತಲಿನ ತೊಗಟೆ ಕೆತ್ತಿದರೆ ಕೆಲಸ ಕೆಟ್ಟಿತು. ನೀರು ಹೀರುವುದು ಹೊರಗಿನ ಪದರವೇ. ಮೊದಲ ದಿನ ಬಕೆಟ್ಟುಗಟ್ಟಲೆ ಕುಡಿಯುತ್ತದೆ. ಕಾಂಡದ ದಪ್ಪದ ಎರಡೂವರೆ ಸೆಂಟಿಮೀಟರಿಗೆ ದಿನಕ್ಕೊಂದು ಲೀಟರ್ ಎಂಬುದು ರೂಢಿಯ ಲೆಕ್ಕ. ಒಮ್ಮೆ ನೀರು ಬುಡಕ್ಕಿಂತ ಕೆಳಗಿಳಿದರೆ ಮತ್ತೆ ರಾಳ ಕಟ್ಟುತ್ತದೆ, ಆಮೇಲೆ ಎಷ್ಟು ಹುಯ್ದರೂ ಕುಡಿಯದು. ಸಕ್ಕರೆ, ಆಸ್ಪಿರಿನ್ ಇತ್ಯಾದಿ ಮನೆಮದ್ದು ಯಾವುದೂ ಬೇಡ, ಬರೀ ನೀರು ಸಾಕು. ಒಣಗಿದ ಮರ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದರೆ ಅದನ್ನು ಹೀಟರಿನ ಪಕ್ಕ ನಿಲ್ಲಿಸುವುದು ಅಂದವಾದ ಕೊಳ್ಳಿಯನ್ನು ಅಲಂಕರಿಸಿದಂತೆ.

ಇವೆಲ್ಲ ಕಣ್ಣಿಗೆ ಕಾಣುವ ನೀರು. ಕಾಣದ್ದು ಪೈಪಿನಲ್ಲಿದೆ. ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುತ್ತದೆಂಬುದು ಶಾಲೆಯಲ್ಲೇ ಕಲಿತದ್ದು. ಆದರೆ ಪೈಪು ಒಡೆಯುವುದು ಮಂಜುಗಡ್ಡೆ ಕೂತ ಜಾಗದಲ್ಲೇ ಆಗಬೇಕೆಂದಿಲ್ಲ. ಹಿಗ್ಗಿದ ಗಡ್ಡೆ ಬಿರಡೆಯಂತೆ ಜರುಗಿ, ಅದಕ್ಕೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರನ್ನು ಒತ್ತುತ್ತದೆ. ಒತ್ತಡ ತಾಳದೆ ಪೈಪು ಮತ್ತೆಲ್ಲೋ ಸೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದಕ್ಕೇ ಕಡು ಚಳಿಯ ರಾತ್ರಿ ಹೊರಗೋಡೆಗೆ ಅಂಟಿದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡುವುದು. ಆ ಹನಿ ಒತ್ತಡಕ್ಕೊಂದು ದಾರಿ. ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಟ್ಟರೆ ಕೋಣೆಯ ಬಿಸಿ ಪೈಪಿಗೆ ತಲುಪುತ್ತದೆ. ತೋಟದ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪನ್ನು ಚಳಿ ಶುರುವಾಗುವ ಮುಂಚೆಯೇ ಬಿಚ್ಚಿ, ಒಳಗಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿ ತೆರೆದು ನೀರಿಳಿಸಿರಬೇಕು. ರಜೆಗೆ ಊರು ಬಿಡುವವರು ಹೀಟರ್ ಆರಿಸಿ ಉಳಿಸಿದ ದುಡ್ಡು ಪ್ಲಂಬರ್ ಪಾಲು. 13 ಡಿಗ್ರಿಗಿಂತ ಕೆಳಗಿಳಿಸದೆ, ಮುಖ್ಯ ವಾಲ್ವ್ ಮುಚ್ಚಿ ಹೋಗುವುದು ಮೇಲು. ಕಟ್ಟಿಕೊಂಡ ಪೈಪನ್ನು ಕರಗಿಸುವಾಗ ಮೊದಲು ನಲ್ಲಿ ತೆರೆದಿಟ್ಟು, ಕೂದಲು ಒಣಗಿಸುವ ಯಂತ್ರದಿಂದ ನಲ್ಲಿಯ ಕಡೆಯಿಂದಲೇ ಬಿಸಿ ಕೊಡುತ್ತ ಹಿಂದಕ್ಕೆ ಹೋಗಬೇಕು. ಬೆಂಕಿ ಹಿಡಿಯಲೇಕೂಡದು.

ಸೂರಿನಂಚಿಗೆ ಸಾಲುಗಟ್ಟಿ ಇಳಿಬಿದ್ದ ಮಂಜಿನ ಕೋಲುಗಳ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಯುತ್ತಾರೆ. ಮೇಲೆ ಥಳಕು ಒಳಗೆ ಹುಳುಕು. ಒಳಗಿನ ಬಿಸಿ ಅಟ್ಟದ ಮೂಲಕ ಸೋರಿ ಮಾಡಿನ ಹಿಮವನ್ನು ಅಡಿಯಿಂದ ಕರಗಿಸುತ್ತದೆ, ನೀರು ಜಾರಿ ತಣ್ಣನೆಯ ಅಂಚಿಗೆ ಬಂದು ಮತ್ತೆ ಹೆಪ್ಪಾಗಿ ಅಣೆಕಟ್ಟೆಯಾಗುತ್ತದೆ, ಅದರ ಹಿಂದೆ ನಿಂತ ನೀರು ಹೆಂಚಿನಡಿ ನುಸುಳಿ ಛಾವಣಿಯಲ್ಲಿ ಕಂದು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಆ ಕೋಲುಗಳು ಎಷ್ಟು ಉದ್ದವೋ ಹೀಟರಿನ ಬಿಲ್ಲೂ ಸಾಮಾನ್ಯವಾಗಿ ಅಷ್ಟೇ ಉದ್ದ. ಏಣಿ ಹಾಕಿ ಸುತ್ತಿಗೆಯಿಂದ ಒಡೆಯುವ ಸಾಹಸ ಬೇಡ, ಹೆಂಚೂ ಹೋಗುತ್ತದೆ, ಕಾಲೂ ಹೋಗುತ್ತದೆ. ಉದ್ದ ಹಿಡಿಯ ಕುಂಟೆಯಿಂದ ನೆಲದಲ್ಲೇ ನಿಂತು ಅಂಚಿನ ಒಂದೆರಡು ಮೀಟರ್ ಹಿಮ ಎಳೆದುಹಾಕಬಹುದು. ನಿಜವಾದ ಮದ್ದು ಅಟ್ಟದ ನೆಲಕ್ಕೆ ಹೊದಿಕೆ, ಮಾಡಿಗೆ ಗಾಳಿಯಾಟ. ಅದು ಬೇಸಗೆಯ ಕೆಲಸ, ಬೇಸಗೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಹಿಮ ಅಪರೂಪಕ್ಕೆ ಚಾಕರಿಯನ್ನೂ ಮಾಡುತ್ತದೆ. ಸೊನ್ನೆಗಿಂತ ಸಾಕಷ್ಟು ಕೆಳಗಿನ ಒಣ ದಿನದಲ್ಲಿ ಉಣ್ಣೆಯ ಜಮಖಾನೆಯನ್ನು ಅರ್ಧ ಗಂಟೆ ಹೊರಗೆ ತಣಿಸಿ, ಹಿಮದ ಮೇಲೆ ಬೋರಲು ಹಾಸಿ ಬಡಿದರೆ, ಎತ್ತಿದ ಮೇಲೆ ಹಿಮದ ಮೇಲೆ ಬೂದು ಚೌಕವೊಂದು ಉಳಿಯುತ್ತದೆ. ಅದು ವರ್ಷದ ಧೂಳು. ತಣಿಸದೆ ಹಾಸಿದರೆ ಒದ್ದೆ ಕಂಬಳಿ ಹೊತ್ತು ಒಳಬರಬೇಕು. ಹೊರಗೆ ಒಣಹಾಕಿದ ಅಂಗಿ ಮೊದಲು ರಟ್ಟಿನಂತೆ ಸೆಟೆಯುತ್ತದೆ, ಆದರೂ ಅದರೊಳಗಿನ ಮಂಜು ನೀರಾಗದೆ ನೇರ ಆವಿಯಾಗಿ ಹೋಗುವುದರಿಂದ ನಿಧಾನಕ್ಕೆ ಒಣಗುತ್ತದೆ. ಸೆಟೆದಾಗ ಮಡಚಲು ಹೋಗಬೇಡಿ, ನೂಲು ಮುರಿಯುತ್ತದೆ. ಹಿಮದ ಹರಳು ನೋಡುವ ಆಸೆಯಿದ್ದರೆ ಕಪ್ಪು ಬಟ್ಟೆಯ ತುಂಡನ್ನು ಮೊದಲು ಹೊರಗಿಟ್ಟು ತಣಿಸಿ, ಬೀಳುವ ಹಿಮಕ್ಕೆ ಒಡ್ಡಿ, ಉಸಿರು ಪಕ್ಕಕ್ಕೆ ಬಿಟ್ಟು ಭೂತಗನ್ನಡಿಯಲ್ಲಿ ನೋಡಬೇಕು. 1885ರಲ್ಲಿ ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹರಳಿನ ಚಿತ್ರ ತೆಗೆದ. ಮುಂದೆ 5,000ಕ್ಕೂ ಹೆಚ್ಚು ಚಿತ್ರ ತೆಗೆದ ಅವನಿಗೂ ದೊಡ್ಡ ಶತ್ರು ತನ್ನದೇ ಬಿಸಿಯುಸಿರು.

ಹಿಮದ ಬೊಂಬೆಗೆ ಎಲ್ಲ ಹಿಮವೂ ಆಗದು. ಕಡು ಚಳಿಯ ಪುಡಿಹಿಮ ಮುಷ್ಟಿಯಲ್ಲಿ ಮರಳಿನಂತೆ ಉದುರುತ್ತದೆ. ಸೊನ್ನೆಯ ಹತ್ತಿರ, ಒಂದಿಷ್ಟು ನೀರಿನಂಶ ಇದ್ದಾಗ ಮಾತ್ರ ಉಂಡೆ ಕಟ್ಟುತ್ತದೆ. ಮೊದಲ ಉಂಡೆಯನ್ನು ಕೈಯಲ್ಲಿ ಬಿಗಿದು, ಉರುಳಿಸುತ್ತ ದಿಕ್ಕು ಬದಲಿಸದಿದ್ದರೆ ಅದು ಉಂಡೆಯಾಗದೆ ಚಾಪೆಯ ಸುರುಳಿಯಾಗುತ್ತದೆ. ಬುಡದ ಸಂದಿಗೆ ಹಿಮ ಮೆತ್ತಿ ಒತ್ತಿದಷ್ಟೂ ಬಾಳಿಕೆ. ಒತ್ತಿದ ಹಿಮ ಗಟ್ಟಿ, ಗಾತ್ರಕ್ಕೆ ಹೋಲಿಸಿದರೆ ಗಾಳಿ ಬಿಸಿಲಿಗೆ ತೆರೆದ ಮೈ ಕಡಿಮೆ, ಹಾಗಾಗಿ ರಜೆ ಮುಗಿದು ಅಂಗಳದ ಹುಲ್ಲೆಲ್ಲ ಮತ್ತೆ ಕಂಡ ಮೇಲೂ ಬೊಂಬೆ ಮಾತ್ರ ನಡುವೆ ನಿಂತಿರುತ್ತದೆ, ತಲೆಯಿಲ್ಲದೆ, ಬೂದು ಬಣ್ಣಕ್ಕೆ ತಿರುಗಿ. ದಿನಕ್ಕಿಷ್ಟು ಕುಗ್ಗುತ್ತ ಕೊನೆಗೊಂದು ಮಧ್ಯಾಹ್ನ ಅದರ ಹೊಟ್ಟೆಯಿಂದ ಕೆಂಪು ಉಣ್ಣೆಯ ತುದಿಯೊಂದು ಇಣುಕುತ್ತದೆ. ಎಳೆದರೆ ಬರುತ್ತದೆ, ಮೂರನೇ ದಿನ ಕಳೆದುಹೋಗಿದ್ದ ಎಡಗೈಯ ಗವಸು. ಹಿಂಡಿದರೆ ಅರ್ಧ ಲೋಟ ನೀರು.