ಯಾರೂ ಬರದಿದ್ರೆ ನಾವೇ ಗೆಲ್ಲೋದು

ನಮ್ಮ ಇಂಡಿಯಾ ಫುಟ್ಬಾಲ್ ಟೀಮು 2027ರ ಏಷ್ಯನ್ ಕಪ್‌ಗೆ ಕ್ವಾಲಿಫೈ ಆಗ್ಲಿಲ್ಲ ಅಂತ ಎಲ್ರೂ ಬೈತಿದ್ದಾರೆ, ಆದ್ರೆ ಕ್ವಾಲಿಫೈ ಆಗದೇ ಇರೋಕೆ ಎಷ್ಟು ಕಷ್ಟಪಡಬೇಕು ಅಂತ ಯಾರೂ ಯೋಚನೆ ಮಾಡಿಲ್ಲ. ಏಷ್ಯಾ ಫುಟ್ಬಾಲ್ ಒಕ್ಕೂಟದಲ್ಲಿ ಸದಸ್ಯರು 47, ಏಷ್ಯನ್ ಕಪ್‌ಗೆ ಹೋಗೋ ಟೀಮು 24. ಅಂದ್ರೆ ಕ್ಲಾಸಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳನ್ನ ಪಾಸ್ ಮಾಡ್ತೀನಿ ಅಂತ ಮೇಷ್ಟ್ರು ಮೊದಲೇ ಹೇಳ್ಬಿಟ್ಟಿರೋ ಪರೀಕ್ಷೆ ಇದು. ಇಂಥದ್ರಲ್ಲಿ ಫೇಲಾಗೋಕೆ ಸುಮ್ನೆ ಓದದೇ ಇದ್ರೆ ಸಾಲಲ್ಲ ಸ್ವಾಮಿ, ಮನಸ್ಸಿಟ್ಟು ಓದದೇ ಇರ್ಬೇಕು.

ಡ್ರಾ ಎತ್ತುವಾಗ ನಮ್ಮನ್ನ ಮೊದಲನೇ ಪಾಟ್‌ನಲ್ಲಿ ಇಟ್ಟಿದ್ರು, ರ‍್ಯಾಂಕಿಂಗ್ ಲೆಕ್ಕದಲ್ಲಿ ಗ್ರೂಪಿಗೆ ದೊಡ್ಡಣ್ಣ ನಾವೇ. ಉಳಿದೋರು ಹಾಂಗ್ ಕಾಂಗ್, ಸಿಂಗಾಪುರ, ಬಾಂಗ್ಲಾದೇಶ. ಸಲೀಸಾದ ಗ್ರೂಪು ಸಿಕ್ತು ಗುರು ಅಂತ ಅವತ್ತು ಎಲ್ರೂ ಖುಷಿಪಟ್ರು. ಸಲೀಸಾಗೇ ಇತ್ತು, ಅವರಿಗೆ. 2025ರ ಮಾರ್ಚಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾ ಜೊತೆ 0-0. ಜೂನಲ್ಲಿ ಹಾಂಗ್ ಕಾಂಗ್‌ಗೆ ಹೋಗಿ, ತೊಂಬತ್ತು ನಿಮಿಷ ಗೋಲು ಬಿಡದೆ ಕಾಪಾಡ್ಕೊಂಡು, ಇನ್ನೇನು ಸೀಟಿ ಊದ್ತಾರೆ ಅನ್ನೋವಾಗ ಒಂದು ಪೆನಾಲ್ಟಿ ಕೊಟ್ಟು 0-1. ಅಕ್ಟೋಬರಲ್ಲಿ ಸಿಂಗಾಪುರದಲ್ಲಿ ನಮ್ಮ ಝಿಂಗನ್ ರೆಡ್ ಕಾರ್ಡ್ ತಗೊಂಡು ಆಚೆ ಹೋದ್ಮೇಲೆ ಹತ್ತೇ ಜನ ಒದ್ದಾಡಿ, 90ನೇ ನಿಮಿಷದಲ್ಲಿ ಅವರ ಡಿಫೆನ್ಸ್ ಮಾಡಿದ ಎಡವಟ್ಟಿಂದ ರಹೀಂ ಅಲಿಗೆ ಬಾಲು ಸಿಕ್ಕಿ 1-1. ಒಂದು ಪಾಯಿಂಟು ಬಂದಿದ್ದೇ ತಡ ನಮ್ಮ ಜನ ಕ್ಯಾಲ್ಕುಲೇಟರ್ ತೆಗೆದ್ರು, ನಾವು ಉಳಿದಿದ್ದನ್ನೆಲ್ಲ ಗೆದ್ದು, ಹಾಂಗ್ ಕಾಂಗ್ ಅಲ್ಲಿ ಸೋತು, ಸಿಂಗಾಪುರ ಇಲ್ಲಿ ಎಡವಿ, ಇವರಿಬ್ರೂ ಒಬ್ಬರನ್ನೊಬ್ಬರು ಹಿಡ್ಕೊಂಡು ಬಿದ್ರೆ ನಮಗೆ ಚಾನ್ಸ್ ಇದೆ ಅಂತ. ಭಾರತದ ಫುಟ್ಬಾಲ್ ಅಭಿಮಾನಿಗೆ ಆಫ್‌ಸೈಡ್ ರೂಲ್ ಗೊತ್ತಿರುತ್ತೋ ಇಲ್ವೋ, ಈ ಗಣಿತ ಮಾತ್ರ ಬಾಯಿಪಾಠ.

ಆಮೇಲೆ ಅಕ್ಟೋಬರ್ 14, ಗೋವಾದ ಫತೋರ್ಡಾ, ಮತ್ತೆ ಸಿಂಗಾಪುರ. ನಮ್ಮ ಛಾಂಗ್ಟೆ ಬಾಕ್ಸ್ ಆಚೆಯಿಂದ ಬಾರಿಸಿದ ಗೋಲು ಇದ್ಯಲ್ಲ, ಅದನ್ನ ನೋಡಿದೋರು ಯಾರೇ ಆಗ್ಲಿ ಈ ದೇಶಕ್ಕೆ ಫುಟ್ಬಾಲ್ ಬರುತ್ತೆ ಅಂತ ಪ್ರಮಾಣ ಮಾಡಿ ಹೇಳ್ತಿದ್ರು. ಆ ನಂಬಿಕೆ ಇಂಟರ್ವಲ್‌ವರೆಗೂ ಬಾಳಲಿಲ್ಲ. ಸಾಂಗ್ ಉಯ್-ಯಂಗ್ ಅನ್ನೋ, ಕೊರಿಯಾದಲ್ಲಿ ಹುಟ್ಟಿ ಸಿಂಗಾಪುರದ ಪ್ರಜೆ ಆಗಿರೋ ಮನುಷ್ಯ ಫಸ್ಟ್ ಹಾಫ್ ಮುಗಿಯೋ ಹೊತ್ತಿಗೆ ಒಂದು, ಸೆಕೆಂಡ್ ಹಾಫಲ್ಲಿ ಇನ್ನೊಂದು ಹೊಡೆದು ಕ್ಯಾಲ್ಕುಲೇಟರನ್ನ ಬಂದ್ ಮಾಡಿಸಿದ. 1-2, ಅಲ್ಲಿಗೆ ಕಥೆ ಮುಗೀತು. ಮುಗಿದ ಮೇಲೂ ಒಂದು ಬಾಕಿ ಇತ್ತು ನೋಡಿ, ನವೆಂಬರ್ 18ಕ್ಕೆ ಢಾಕಾಗೆ ಹೋಗಿ ಬಾಂಗ್ಲಾದೇಶದ ಕೈಲಿ 0-1 ಸೋತ್ವಿ, ಅವರು ನಮ್ಮನ್ನ ಅದಕ್ಕೂ ಮುಂಚೆ ಸೋಲ್ಸಿದ್ದು 2003ರಲ್ಲಿ. ಆ ಹೊತ್ತಿಗೆ ಐದು ಪಂದ್ಯ, ಎರಡು ಪಾಯಿಂಟು, ರ‍್ಯಾಂಕಿಂಗ್ 142. ಇದೇ ಟೀಮು 2023ರ ಜುಲೈನಲ್ಲಿ ನಮ್ಮ ಬೆಂಗಳೂರಿನ ಕಂಠೀರವದಲ್ಲಿ ಕುವೈತನ್ನ ಪೆನಾಲ್ಟಿ ಶೂಟೌಟಲ್ಲಿ ಸೋಲ್ಸಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಎತ್ತಿ, 99ನೇ ರ‍್ಯಾಂಕಲ್ಲಿ ಕೂತಿತ್ತು ಅಂದ್ರೆ ಈಗಿನ ಮಕ್ಕಳು ನಂಬಲ್ಲ. ಮಧ್ಯದಲ್ಲಿ 2024 ಅಂತ ಒಂದು ವರ್ಷ ಬಂದಿತ್ತು, ಅದ್ರಲ್ಲಿ 11 ಪಂದ್ಯ ಆಡಿ ಒಂದೂ ಗೆಲ್ಲಲಿಲ್ಲ. ಅದೇ ವರ್ಷ ವರ್ಲ್ಡ್ ಕಪ್ ಕ್ವಾಲಿಫೈಯರ್ ಸೆಕೆಂಡ್ ರೌಂಡಲ್ಲೇ ಔಟಾದಾಗ, ಕತಾರ್‌ನೋರು ಲೈನ್ ದಾಟಿ ಹೋದ ಬಾಲನ್ನ ಒಳಗೆ ಎಳೆದು ಗೋಲು ಹೊಡೆದ್ರು ಅಂತ ದೇಶ ಪೂರ್ತಿ ಕಿರುಚಾಡ್ತು. ಅನ್ಯಾಯ ನಿಜ, ನಾನೂ ಕಿರುಚಿದೀನಿ. ಆದ್ರೆ ಅದಕ್ಕೂ ಮುಂಚೆ ಗುವಾಹಟಿಯಲ್ಲಿ ನಮ್ಮ ಮನೆ ಅಂಗಳದಲ್ಲೇ ಅಫ್ಘಾನಿಸ್ತಾನಕ್ಕೆ 1-2 ಸೋತ್ವಲ್ಲ, ಅದು ಯಾವ ರೆಫ್ರಿ ತಪ್ಪು ಮಾರಾಯ್ರೆ.

ಸೋತ್ಮೇಲೆ ಕೋಚ್ ಬದಲಾಯ್ಸೋದು ಶಾಸ್ತ್ರ. ಸ್ಟಿಮಾಚ್ ಹೋದ್ರು, ಮನೊಲೊ ಬಂದ್ರು. ಮನೊಲೊ ಅದೇ ಸೀಸನಲ್ಲಿ ಎಫ್‌ಸಿ ಗೋವಾಗೂ ಕೋಚು, ದೇಶಕ್ಕೂ ಕೋಚು, ನಮ್ಮಲ್ಲಿ ನ್ಯಾಷನಲ್ ಟೀಮ್ ಕೋಚಿಂಗ್ ಅನ್ನೋದು ಸೈಡ್ ಬಿಸಿನೆಸ್ ಥರ. ಎಂಟು ಪಂದ್ಯಕ್ಕೆ ಒಂದು ಗೆಲುವು, ಅದೂ ಮಾಲ್ಡೀವ್ಸ್ ಮೇಲೆ, ಅವರೂ ಹೊರಟ್ರು. ಆಗ ದೇಶದ ಫುಟ್ಬಾಲ್ ನೋಡ್ಕೊಳ್ಳೋ ಫೆಡರೇಷನ್ ಅರ್ಜಿ ಕರೀತು, 170 ಜನ ಹಾಕಿದ್ರು, ಅದ್ರಲ್ಲಿ ಒಂದು ಹೆಸರು ಶಾವಿ. ಹೌದು, ಅದೇ ಬಾರ್ಸಿಲೋನಾ ಶಾವಿ, 2010ರಲ್ಲಿ ಸ್ಪೇನ್‌ಗೆ ವರ್ಲ್ಡ್ ಕಪ್ ಗೆದ್ದುಕೊಟ್ಟ ಶಾವಿ. ಅವರ ಅರ್ಜಿ ಬಂದಿದ್ದು ನಿಜ ಅಂತ ಫೆಡರೇಷನ್ ಕಡೆಯವರೇ ಒಪ್ಕೊಂಡ್ರು, ಆದ್ರೆ ದುಬಾರಿ ಆಗುತ್ತೆ ಅಂತ ಕೈಬಿಟ್ರಂತೆ ಅಂತ ಸುದ್ದಿ ಆಯ್ತು, ಪ್ರಪಂಚ ಪೂರ್ತಿ ಪೇಪರಲ್ಲಿ ಬಂತು. ಆಮೇಲೆ ನೋಡಿದ್ರೆ ಆ ಇಮೇಲು ಅಸಲಿ ಅಲ್ಲ, ಪೆಪ್ ಗಾರ್ಡಿಯೋಲಾ ಹೆಸರಲ್ಲಿ ಬಂದಿದ್ದೂ ಅಸಲಿ ಅಲ್ಲ ಅಂತ ಫೆಡರೇಷನ್ನೇ ಹೇಳಿಕೆ ಕೊಡ್ತು. ಯಾರೋ ಕಾಲೇಜು ಹುಡುಗ ನಾನೇ ಕಳಿಸಿದ್ದು ಅಂತ ಮುಂದೆ ಬಂದ. ನನಗೆ ಬೇಜಾರು ಮೇಲ್ ನಕಲಿ ಅನ್ನೋದಕ್ಕಲ್ಲ, ನಕಲಿ ಶಾವಿನೂ ನಮ್ಮ ಬಜೆಟ್‌ಗೆ ಹೊಂದಲಿಲ್ವಲ್ಲ ಅನ್ನೋದಕ್ಕೆ. ಕೊನೆಗೆ ಕೆಲಸ ಸಿಕ್ಕಿದ್ದು ಖಾಲಿದ್ ಜಮೀಲ್‌ಗೆ, ಇಲ್ಲೇ ಇರೋ ಮನುಷ್ಯ, ಕೆಲಸ ಗೊತ್ತಿರೋ ಮನುಷ್ಯ, ಪಾಪ ಮನೆಗೆ ಬೆಂಕಿ ಬಿದ್ಮೇಲೆ ಕೀಲಿಕೈ ಇಸ್ಕೊಂಡೋರು.

ಜ್ಯೋತಿಷಿ ವಿಷಯನೂ ಹೇಳ್ಬಿಡ್ಬೇಕು. 2022ರಲ್ಲಿ, ಹಿಂದಿನ ಏಷ್ಯನ್ ಕಪ್ಪಿನ ಕ್ವಾಲಿಫೈಯರ್ ಟೈಮಲ್ಲಿ ಫೆಡರೇಷನ್ನು ಲಕ್ಷಗಟ್ಟಲೆ ಕೊಟ್ಟು ಒಬ್ಬ ಜ್ಯೋತಿಷಿನ ಗೊತ್ತು ಮಾಡಿತ್ತು, ಆಗಿನ ಕೋಚು ಪಂದ್ಯಕ್ಕೆ ಮುಂಚೆ ಆಟಗಾರರ ಪಟ್ಟಿನ ಅವರಿಗೆ ಕಳಿಸ್ತಿದ್ರು, ಯಾರಿಗೆ ಗ್ರಹಗತಿ ಚೆನ್ನಾಗಿದೆ ಅಂತ ಅವರು ಹೇಳ್ತಿದ್ರು ಅಂತ ಮುಂದಿನ ವರ್ಷ ಪತ್ರಿಕೆಗಳಲ್ಲಿ ವರದಿ ಬಂತು. ಎಲ್ರೂ ನಕ್ರು, ನಾನೂ ನಕ್ಕೆ. ಆದ್ರೆ ಒಂದು ನಿಮಿಷ ತಣ್ಣಗೆ ಕೂತು ನೋಡಿ: 2022ರಲ್ಲಿ ಕೋಲ್ಕತ್ತಾದಲ್ಲಿ ಮೂರಕ್ಕೆ ಮೂರೂ ಗೆದ್ವಿ, ಇದೇ ಹಾಂಗ್ ಕಾಂಗನ್ನ 4-0 ಹೊಡೆದ್ವಿ. ಈ ಸಲ ಅದೇ ಹಾಂಗ್ ಕಾಂಗ್ ಕೈಲಿ ಸೋಲು. ವಿಚಾರವಾದಿಗಳು ಇದಕ್ಕೇನು ಹೇಳ್ತಾರೋ ನೋಡ್ಬೇಕು. ಬಿಡಿ, ಆ ಸಲನೂ ಪೂರ್ತಿ ನಮ್ಮ ಸಾಹಸ ಅಂತ ಹೇಳೋಕಾಗಲ್ಲ, ಹಾಂಗ್ ಕಾಂಗ್ ಜೊತೆ ಕೊನೇ ಪಂದ್ಯಕ್ಕೆ ಬೂಟ್ ಕಟ್ಕೊಳ್ಳೋ ಮುಂಚೆನೇ ಎಲ್ಲೋ ಪ್ಯಾಲೆಸ್ತೀನು ಫಿಲಿಪೀನ್ಸನ್ನ ಸೋಲ್ಸಿ ನಮ್ಮನ್ನ ಪಾಸ್ ಮಾಡಿಸಿಬಿಟ್ಟಿತ್ತು.

ಇಲ್ಲೇ ನನಗೆ ಹೊಳೆದಿದ್ದು. ನಮ್ಮ ಫುಟ್ಬಾಲ್ ಚರಿತ್ರೆಲಿ ವರ್ಲ್ಡ್ ಕಪ್‌ಗೆ ಕ್ವಾಲಿಫೈ ಆಗಿರೋದು ಒಂದೇ ಒಂದು ಸಲ, 1950ರ ಬ್ರೆಜಿಲ್ ಕಪ್‌ಗೆ. ಹೇಗೆ ಆದ್ವಿ ಅಂತ ಕೇಳಿ. ಬರ್ಮಾ ಬರಲ್ಲ ಅಂತು, ಫಿಲಿಪೀನ್ಸ್ ಬರಲ್ಲ ಅಂತು, ಎದುರಿಗೆ ನಿಲ್ಲೋರೇ ಯಾರೂ ಇರ್ಲಿಲ್ಲ, ಬಾಲು ಮುಟ್ಟದೇ ಕ್ವಾಲಿಫೈ ಆದ್ವಿ. ಆಮೇಲೆ ನಾವೂ ಹೋಗ್ಲಿಲ್ಲ. ಬರಿಗಾಲಲ್ಲಿ ಆಡೋಕೆ ಬಿಡಲಿಲ್ಲ ಅಂತ ಹೋಗ್ಲಿಲ್ಲ ಅನ್ನೋ ಕಥೆ ಇವತ್ತಿಗೂ ವಾಟ್ಸಾಪಲ್ಲಿ ಓಡ್ತಿದೆ, ಕಥೆ ಚೆನ್ನಾಗಿದೆ, ಆದ್ರೆ ಅವತ್ತು ಫೆಡರೇಷನ್ ಕೊಟ್ಟಿದ್ದು ಪ್ರಾಕ್ಟೀಸ್‌ಗೆ ಟೈಮಿಲ್ಲ, ಟೀಮ್ ಆಯ್ಕೆ ಸರಿ ಹೋಗ್ಲಿಲ್ಲ ಅನ್ನೋ ಥರದ ಕಾರಣ, ಜೊತೆಗೆ ಒಲಿಂಪಿಕ್ಸ್ ಮುಂದೆ ವರ್ಲ್ಡ್ ಕಪ್ ಯಾವ ಲೆಕ್ಕ ಅನ್ನೋ ಧೋರಣೆ. ಒಳ್ಳೆ ಟೀಮೇ ಇತ್ತು ಆಗ, ಅದೇ ಬೇಜಾರು. 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದು ಆಸ್ಟ್ರೇಲಿಯಾನ 4-2 ಸೋಲ್ಸಿ ನಾಲ್ಕನೇ ಸ್ಥಾನ, 1962ರ ಏಷ್ಯನ್ ಗೇಮ್ಸಲ್ಲಿ ಕೋಚ್ ರಹೀಂ ಸಾಹೇಬರ ಹುಡುಗ್ರು ಜಕಾರ್ತಾದಲ್ಲಿ ದಕ್ಷಿಣ ಕೊರಿಯಾನ 2-1 ಸೋಲ್ಸಿ ಮತ್ತೆ ಚಿನ್ನ. ಆಡೋಕೆ ಬರ್ತಿದ್ದಾಗ ಹೋಗ್ಲಿಲ್ಲ, ಹೋಗೋಕೆ ಆಸೆ ಬಂದಾಗ ಆಟ ಹೋಗಿತ್ತು.

ಆದ್ದರಿಂದ ನನ್ನ ಸಲಹೆ ಏನಪ್ಪಾ ಅಂದ್ರೆ ಅಕಾಡೆಮಿ, ಬೇಬಿ ಲೀಗು, ಗ್ರಾಸ್‌ರೂಟ್ಸು ಅಂತ ತಲೆ ಕೆಡಿಸ್ಕೊಳ್ಳೋದು ಬಿಟ್ಟು, ಪ್ರಯೋಗ ಮಾಡಿ ಗೆದ್ದಿರೋ ಆ ಒಂದೇ ಫಾರ್ಮುಲಾನ ಹಿಡ್ಕೊಬೇಕು, ಎದುರಾಳಿ ಬರದೇ ಇರೋ ಹಾಗೆ ನೋಡ್ಕೋಬೇಕು. ಡ್ರಾ ಆದ ಮಾರನೇ ದಿನವೇ ಹೀಗೊಂದು ಪತ್ರ ಹೋಗ್ಬೇಕು:

"ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮುಂಬರುವ ಅರ್ಹತಾ ಪಂದ್ಯಕ್ಕೆ ತಾವು ದಯಮಾಡಿ ಆಗಮಿಸಬಾರದಾಗಿ ಕೋರಿದೆ. ಬರಲೇಬೇಕೆಂಬ ಹಟವಿದ್ದಲ್ಲಿ ತಮ್ಮ ಫಾರ್ವರ್ಡ್ ಆಟಗಾರರನ್ನಾದರೂ ಊರಿನಲ್ಲೇ ಬಿಟ್ಟು ಬರತಕ್ಕದ್ದು. ಈ ಪತ್ರವನ್ನು ತುರ್ತು ಎಂದು ಪರಿಗಣಿಸುವುದು."

ಈ ಫಾರ್ಮುಲಾ ಕೆಲಸ ಮಾಡಲ್ಲ ಅನ್ನೋರಿಗೆ ಐಎಸ್‌ಎಲ್ ಅನ್ನೋ ನಮ್ಮ ಟಾಪ್ ಲೀಗ್ ನೋಡಿ ಅಂತೀನಿ. ಲೀಗ್ ನಡೆಸೋ ಕಂಪನಿ ಜೊತೆ 15 ವರ್ಷದ ಅಗ್ರಿಮೆಂಟ್ ಇತ್ತು, 2025ರ ಡಿಸೆಂಬರ್‌ಗೆ ಮುಗಿಯುತ್ತೆ ಅಂತ 2010ರಲ್ಲಿ ಸೈನ್ ಹಾಕಿದ ದಿನದಿಂದ್ಲೇ ಗೊತ್ತಿತ್ತು. ಹದಿನೈದು ವರ್ಷ ಟೈಮ್ ಇದ್ದೂ ನಮ್ಮೋರಿಗೆ ಜ್ಞಾನೋದಯ ಆಗಿದ್ದು ಸೀಸನ್ ಬಾಗಿಲಿಗೆ ಬಂದಾಗ. ಲೀಗ್ ನಿಂತು ಹೋಯ್ತು, ಆಟಗಾರರು ಸಂಬಳ ಬರುತ್ತಾ ಇಲ್ವಾ ಅಂತ ಕೂತ್ರು, ಆಮೇಲೆ ಟೆಂಡರ್ ಕರೆದ್ರು, ನವೆಂಬರಲ್ಲಿ ಡೆಡ್‌ಲೈನ್ ಮುಗಿದಾಗ ಬಂದ ಬಿಡ್ ಸೊನ್ನೆ. ಯಾರೂ ಬರಲಿಲ್ಲ! ನಾವು ಕಾಯ್ತಿದ್ದ ಪವಾಡ ಕೊನೆಗೂ ಆಯ್ತು, ಆಗಬಾರದ ಜಾಗದಲ್ಲಿ ಆಯ್ತು ಅಷ್ಟೇ. ಹಾಗೆ ನೋಡಿದ್ರೆ ಬರದೇ ಇರೋದು ನಮ್ಮ ಹಳೇ ಸಂಪ್ರದಾಯನೇ, 2018ರಲ್ಲಿ ಮುಂಬೈನಲ್ಲಿ ಚೈನೀಸ್ ತೈಪೇ ಪಂದ್ಯಕ್ಕೆ ಬಂದಿದ್ದು 2,569 ಜನ, ಆವಾಗ ಕ್ಯಾಪ್ಟನ್ ಛೆಟ್ರಿ ವಿಡಿಯೋ ಮಾಡಿ ಬೈಯಿರಿ, ಟೀಕೆ ಮಾಡಿ, ಆದ್ರೆ ಸ್ಟೇಡಿಯಂಗೆ ಬಂದು ಮಾಡಿ ಅಂತ ಕೈಮುಗಿದಿದ್ರು.

ಅದೇ ಜನ 2025ರ ಡಿಸೆಂಬರ್ 13ಕ್ಕೆ ಕೋಲ್ಕತ್ತಾದ ಸಾಲ್ಟ್ ಲೇಕ್‌ಗೆ ಸಾವಿರಾರು ರೂಪಾಯಿ ಟಿಕೆಟ್ ತಗೊಂಡು ಬಂದ್ರು, ಮೆಸ್ಸಿನ ನೋಡೋಕೆ. ಪಂದ್ಯ ಆಡೋಕೆ ಅಲ್ಲ, ಕೈ ಬೀಸೋಕೆ ಬಂದಿದ್ದ ಮೆಸ್ಸಿ. ಮೈದಾನದ ತುಂಬ ಮಂತ್ರಿಗಳು, ಅವರ ಕಡೆಯೋರು, ಕಡೆಯೋರ ಕಡೆಯೋರು, ಎಲ್ರ ಕೈಲೂ ಫೋನು, ಗ್ಯಾಲರಿಯಲ್ಲಿ ಕೂತೋರಿಗೆ ಮೆಸ್ಸಿ ಬಿಟ್ಟು ಉಳಿದೋರೆಲ್ಲ ಚೆನ್ನಾಗಿ ಕಾಣಿಸಿದ್ರು. ಸ್ವಲ್ಪ ಹೊತ್ತಿಗೆ ಮೆಸ್ಸಿ ಹೊರಟೂ ಹೋದ್ರು, ಆಮೇಲೆ ಬಾಟ್ಲು, ಕುರ್ಚಿ ಎಲ್ಲ ಮೈದಾನಕ್ಕೆ ಹಾರಿ ಬಂದ್ವು. ಅವತ್ತು ದೇಶದಲ್ಲಿ ಟಾಪ್ ಲೀಗ್ ಇಲ್ಲ, ಟೀಮು ಏಷ್ಯನ್ ಕಪ್‌ನಲ್ಲಿಲ್ಲ, ಆದ್ರೂ ಸ್ಟೇಡಿಯಂ ಫುಲ್. ಫುಟ್ಬಾಲ್ ಒಂದನ್ನ ಬಿಟ್ರೆ ಫುಟ್ಬಾಲಿಗೆ ಬೇಕಾದ್ದೆಲ್ಲ ನಮ್ಮಲ್ಲಿ ಇದೆ.

140 ಕೋಟಿ ಜನರಲ್ಲಿ 11 ಜನ ಸಿಗಲ್ವಾ ಅಂತ ಕೇಳೋರು ದಯವಿಟ್ಟು ಇನ್ಮೇಲೆ ಸುಮ್ನಿರಿ, ಜನಸಂಖ್ಯೆ ಗೋಲು ಹೊಡೆಯಲ್ಲ. ಸುಮಾರು ಒಂದೂವರೆ ಲಕ್ಷ ಜನ ಇರೋ ಕುರಸಾವ್ ಅನ್ನೋ ದ್ವೀಪ, ನಾವು ಢಾಕಾದಲ್ಲಿ ಸೋತ ಅದೇ ನವೆಂಬರ್ 18ಕ್ಕೆ ವರ್ಲ್ಡ್ ಕಪ್ ಟಿಕೆಟ್ ತಗೊಂಡ್ತು. ಅವರು ನೆದರ್ಲ್ಯಾಂಡ್ಸ್‌ನಲ್ಲಿ ಹುಟ್ಟಿ ಬೆಳೆದ ತಮ್ಮ ಕುಡಿಗಳನ್ನ ಕರೆಸ್ಕೊಂಡು ಆಡಿಸ್ತಾರೆ. ನಮ್ಮಲ್ಲಿ ಡಬಲ್ ಪೌರತ್ವ ಇಲ್ಲ, ಆಡ್ಬೇಕು ಅಂದ್ರೆ ಆ ಪಾಸ್‌ಪೋರ್ಟ್ ಬಿಸಾಕಿ ಬಾ ಅಂತೀವಿ. ಒಬ್ರು ನಿಜವಾಗ್ಲೂ ಬಂದ್ರು ಕಣ್ರಿ, ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ಆಸ್ಟ್ರೇಲಿಯಾ ಪೌರತ್ವ ಬಿಟ್ಟು. ವರ್ಲ್ಡ್ ಕಪ್‌ಗೆ ಹೋಗೋ ದೇಶ ಬಿಟ್ಟು 142ನೇ ರ‍್ಯಾಂಕಿನ ದೇಶಕ್ಕೆ ಬಂದ ಆ ಪುಣ್ಯಾತ್ಮನಿಗೆ ಢಾಕಾ ಪಂದ್ಯದ ಹೊತ್ತಿಗೆ ಕಾಗದಪತ್ರ ಕ್ಲಿಯರ್ ಆಗಿರ್ಲಿಲ್ಲ, ಆಡಲಿಲ್ಲ. ನಿಜವಾದ ಭಾರತೀಯ ಆದ್ರು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ.

ಹಾಗಂತ ಫೆಡರೇಷನ್ ಹತ್ರ ಪ್ಲಾನ್ ಇಲ್ಲ ಅನ್ಬೇಡಿ. 'ವಿಷನ್ 2047' ಇದೆ, 2023ರ ಜನವರಿಯಲ್ಲೇ ಬಿಡುಗಡೆ ಆಗಿದೆ, ಸ್ವಾತಂತ್ರ್ಯ ಬಂದು ನೂರು ವರ್ಷ ಆಗೋ ಹೊತ್ತಿಗೆ ಏಷ್ಯಾದ ಟಾಪ್ ನಾಲ್ಕರಲ್ಲಿ ಇರ್ತೀವಂತೆ. ಪ್ಲಾನ್ ಅಂದ್ರೆ ಹಂಗಿರ್ಬೇಕು, ಫೇಲಾಗಿದ್ಯಾಕೆ ಅಂತ ಕೇಳೋಕೆ ಹೋದ್ರೆ ಬರೆದೋರು ಯಾರೂ ಕುರ್ಚಿಯಲ್ಲಿ ಸಿಗಬಾರದು. ಮತ್ತೆ 2027ರ ಏಷ್ಯನ್ ಕಪ್ ನಡೆಯೋ ಸೌದಿಗೆ ಹೋಗೋದು ನಮಗೇನು ದೊಡ್ಡ ವಿಷಯ ಅಲ್ಲ, 2023ರಲ್ಲಿ ನಮ್ಮದೇ ಸಂತೋಷ್ ಟ್ರೋಫಿ ಫೈನಲನ್ನ ರಿಯಾದ್‌ಗೆ ಹೊತ್ಕೊಂಡು ಹೋಗಿ ಆಡಿಸಿದ್ರಲ್ಲ, ಕರ್ನಾಟಕ ಅಲ್ಲಿ ಮೇಘಾಲಯನ 3-2 ಸೋಲ್ಸಿ 54 ವರ್ಷ ಆದ್ಮೇಲೆ ಕಪ್ ಗೆದ್ತು. ನಮ್ಮ ರಾಜ್ಯ ಗೆದ್ದ ಅಷ್ಟು ದೊಡ್ಡ ಕಪ್ಪನ್ನ ನಮ್ಮ ಜನ ಕಣ್ಣಾರೆ ನೋಡ್ಬೇಕು ಅಂದ್ರೆ ವೀಸಾ ಬೇಕಿತ್ತು. 2027ರಲ್ಲೂ ಅದನ್ನೇ ಮಾಡ್ಬಹುದು, ಪಕ್ಕದ ಸ್ಟೇಡಿಯಂ ಬಾಡಿಗೆಗೆ ಸಿಕ್ರೆ ಸಾಕು.

ಕೊನೆಗೆ ಛೆಟ್ರಿ. 2024ರ ಜೂನ್ 6ಕ್ಕೆ ಕುವೈತ್ ಜೊತೆ 0-0 ಆಡಿ, 94 ಗೋಲು ಹೊಡೆದ ಮನುಷ್ಯ ಕಣ್ಣೀರು ಹಾಕ್ಕೊಂಡು ನಿವೃತ್ತಿ ಆದ್ರು. ಛೆಟ್ರಿ ಆದ್ಮೇಲೆ ಯಾರು ಅಂತ ದೊಡ್ಡ ದೊಡ್ಡ ಚರ್ಚೆ ಆಯ್ತು, ಟೀಮಲ್ಲಿ ಗೋಲ್ ಹೊಡೆಯೋರನ್ನ ತಿಂಗಳುಗಟ್ಟಲೆ ಹುಡುಕಿದ್ರು, 2025ರ ಮಾರ್ಚಲ್ಲಿ ಉತ್ತರ ಸಿಕ್ತು: ಛೆಟ್ರಿ. 40 ವಯಸ್ಸಾಗಿತ್ತು, ಕರೆದ್ರು, ಬಂದ್ರು, ಬಂದ ಮೊದಲನೇ ಪಂದ್ಯದಲ್ಲೇ ಗೋಲೂ ಹೊಡೆದ್ರು. ಏಷ್ಯನ್ ಕಪ್ ಕೈತಪ್ಪಿದ ಮೇಲೆ ನವೆಂಬರಲ್ಲಿ ಇನ್ನು ಸಾಕು ಅಂತ ಎರಡನೇ ಸಲ ನಿವೃತ್ತಿ ಆಗಿದ್ದಾರೆ. ಹುಡುಕಾಟ ಮತ್ತೆ ಶುರುವಾಗಿದೆ, ಅವರು ಫೋನ್ ನಂಬರ್ ಬದಲಾಯ್ಸಿಬಿಟ್ರೆ ಒಳ್ಳೇದು.