ಕವಲಿನಲ್ಲಿ ನಿಂತವನು ಕಂಡದ್ದು

ಅಕ್ಕನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುವುದೋ ಕಲಾ ವಿಭಾಗ ಸೇರುವುದೋ ಎಂದು ತೀರ್ಮಾನಿಸಲಾಗದೆ ಕುಳಿತಿದ್ದಾಳೆ. ಅವಳಿಗೆ ಧೈರ್ಯ ತುಂಬಲೆಂದು ಮನೆಯ ಹಿರಿಯರೊಬ್ಬರು ವಾಟ್ಸಾಪ್ ಗುಂಪಿನಲ್ಲಿ ರಾಬರ್ಟ್ ಫ್ರಾಸ್ಟ್ ಅವರ 'ದಿ ರೋಡ್ ನಾಟ್ ಟೇಕನ್' ಕವಿತೆಯ ಕೊನೆಯ ಮೂರು ಸಾಲುಗಳನ್ನು ಹಾಕಿದರು. ಕಾಡಿನಲ್ಲಿ ದಾರಿ ಕವಲೊಡೆಯಿತು, ಹೆಚ್ಚು ಜನ ನಡೆಯದ ದಾರಿಯನ್ನು ನಾನು ಹಿಡಿದೆ, ಎಲ್ಲ ವ್ಯತ್ಯಾಸಕ್ಕೂ ಅದೇ ಕಾರಣವಾಯಿತು ಎಂಬ ಆ ಸಾಲುಗಳನ್ನು ಓದಿ ಹುಡುಗಿ ಕೇಳಿದ್ದು ಒಂದೇ ಮಾತು: "ಮಾಮ, ಯಾವ ದಾರೀಲಿ ಜನ ಕಡಿಮೆ ಅಂತ ನಿಂತಲ್ಲೇ ಹೇಗೆ ಗೊತ್ತಾಗುತ್ತೆ?"

ಕವಿತೆಯ ಜೀವವೇ ಆ ಪ್ರಶ್ನೆಯಲ್ಲಿದೆ ಎಂದು ನನಗೆ ಅನ್ನಿಸಿತು. ಇಪ್ಪತ್ತೂ ಸಾಲುಗಳನ್ನು ಕೂತು ಓದಿದವರಿಗೆ ಇದು ತಿಳಿಯುತ್ತದೆ. ಎರಡನೆಯ ದಾರಿಯಲ್ಲಿ ಹುಲ್ಲು ಬೆಳೆದಿತ್ತು, ಅದು ಕಾಲ್ತುಳಿತಕ್ಕೆ ಕಾದಂತಿತ್ತು ಎಂದು ಹೇಳಿದ ಉಸಿರಿನಲ್ಲೇ ಕವಿ, ನಡೆದವರ ಹೆಜ್ಜೆಗೆ ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಸವೆದಿದ್ದವು ಎನ್ನುತ್ತಾನೆ. ಮುಂದಿನ ಪದ್ಯದಲ್ಲಿ ಇನ್ನೂ ಸ್ಪಷ್ಟವಾಗಿ, ಆ ಬೆಳಗ್ಗೆ ಎರಡೂ ದಾರಿಗಳ ಮೇಲೆ ಯಾರ ಕಾಲೂ ಬೀಳದ ಎಲೆಗಳು ಹಾಸಿದ್ದವು ಎನ್ನುತ್ತಾನೆ. ಹಾಗಾದರೆ 'ಜನ ನಡೆಯದ ದಾರಿ' ಎಲ್ಲಿಂದ ಬಂತು? ಅದು ಬರುವುದು ಕೊನೆಯ ಪದ್ಯದಲ್ಲಿ, ಅದೂ ಭವಿಷ್ಯತ್ಕಾಲದಲ್ಲಿ. ಎಷ್ಟೋ ಕಾಲದ ಮೇಲೆ, ಎಲ್ಲೋ ಕುಳಿತು, ನಿಟ್ಟುಸಿರಿಟ್ಟು ನಾನು ಹೀಗೆ ಹೇಳುತ್ತಿರುತ್ತೇನೆ ಎಂದು ಕವಿತೆಯ ನಾಯಕ ಮೊದಲೇ ಊಹಿಸಿಕೊಳ್ಳುತ್ತಿದ್ದಾನೆ. ಆ ನಿಟ್ಟುಸಿರು ತೃಪ್ತಿಯದೋ ಪಶ್ಚಾತ್ತಾಪದ್ದೋ ಎಂದು ಫ್ರಾಸ್ಟ್ ಬಿಡಿಸಿ ಹೇಳುವುದಿಲ್ಲ. ಶೀರ್ಷಿಕೆಯಾದರೂ ಹಿಡಿದ ದಾರಿಯದಲ್ಲ, ಬಿಟ್ಟ ದಾರಿಯದು.

ಕವಿತೆಯ ಹಿಂದೆ ಒಂದು ಸ್ನೇಹದ ಕಥೆಯಿದೆ. 1914ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ವಾಸವಿದ್ದ ಫ್ರಾಸ್ಟ್, ಗೆಳೆಯ ಎಡ್ವರ್ಡ್ ಥಾಮಸ್ ಜೊತೆ ಗದ್ದೆ ಕಾಡುಗಳಲ್ಲಿ ಅಲೆಯುತ್ತಿದ್ದರು. ಯಾವ ದಾರಿಯಲ್ಲಿ ಕರೆದೊಯ್ದರೂ, ಇನ್ನೊಂದರಲ್ಲಿ ಹೋಗಿದ್ದರೆ ಇನ್ನೂ ಚೆಂದದ್ದನ್ನು ತೋರಿಸಬಹುದಿತ್ತು ಎಂದು ಥಾಮಸ್ ಕೊರಗುತ್ತಿದ್ದರಂತೆ. 1915ರಲ್ಲಿ ಅಮೆರಿಕಕ್ಕೆ ಮರಳಿದ ಫ್ರಾಸ್ಟ್, ಆ ಸ್ವಭಾವವನ್ನು ಪ್ರೀತಿಯಿಂದ ಛೇಡಿಸುವ ಈ ಕವಿತೆಯನ್ನು ಅವರಿಗೆ ಕಳಿಸಿದರು. ಥಾಮಸ್‌ಗೆ ಅದರಲ್ಲಿನ ಛೇಡಿಕೆ ಕಾಣಲೇ ಇಲ್ಲ. ಅಮೆರಿಕಕ್ಕೆ ಹೋಗಿ ನೆಲೆಸುವುದೋ ಸೇನೆ ಸೇರುವುದೋ ಎಂದು ತೂಗಿ ನೋಡುತ್ತಿದ್ದ ಅವರು ಅದೇ ಜುಲೈಯಲ್ಲಿ ಸೇನೆ ಸೇರಿದರು, 1917ರ ಏಪ್ರಿಲ್ 9ರಂದು ಫ್ರಾನ್ಸಿನ ಅರ್ರಾಸ್ ಕದನದಲ್ಲಿ ತೀರಿಕೊಂಡರು. ಕವಿತೆಯೇ ಅವರನ್ನು ಯುದ್ಧಕ್ಕೆ ನೂಕಿತು ಎನ್ನುವವರಿದ್ದಾರೆ. ನಾನದನ್ನು ಒಪ್ಪುವುದಿಲ್ಲ, ಏಕೆಂದರೆ ಒಬ್ಬ ಮನುಷ್ಯನ ಅಂತಹ ನಿರ್ಧಾರಕ್ಕೆ ಒಂದೇ ಕಾರಣವನ್ನು ಹೊರಿಸುವುದು ಈ ಕವಿತೆ ತೋರಿಸಿಕೊಟ್ಟ ತಪ್ಪನ್ನೇ ಮತ್ತೆ ಮಾಡಿದಂತೆ.

ಎನ್‌ಸಿಇಆರ್‌ಟಿಯ 9ನೇ ತರಗತಿಯ ಇಂಗ್ಲಿಷ್ ಪಠ್ಯದ ಮೂಲಕ ಈ ಕವಿತೆ ನಮ್ಮ ಅಸಂಖ್ಯ ಮಕ್ಕಳನ್ನು ಮುಟ್ಟಿದೆ. ಅವರಿಗೆ ಕೊನೆಯ ಮೂರು ಸಾಲುಗಳನ್ನಷ್ಟೇ ಕೊಟ್ಟರೆ, ಇರುವ ದಾರಿಗಳಲ್ಲಿ ಒಂದು ಮಾತ್ರ ಸರಿ, ಅದನ್ನು ಗುರುತಿಸದಿದ್ದರೆ ಬದುಕು ಕೆಟ್ಟಿತು ಎಂಬ ಭಯವನ್ನು ಕೊಟ್ಟಂತಾಗುತ್ತದೆ. ಕಳಿಸುವವರು ದಯವಿಟ್ಟು ಪೂರ್ತಿ ಕವಿತೆಯನ್ನೇ ಕಳಿಸಬೇಕು.

ನಾನು ಅವಳಿಗೆ ಅದನ್ನು ಪ್ರಿಂಟ್ ಹಾಕಿಸಿ ಕೊಟ್ಟೆ. ಎರಡೂ ದಾರಿ ಸಮನಾಗಿ ಸವೆದಿದ್ದವು ಎಂಬ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾಳೆ. ಅರ್ಜಿ ಹಾಕಲು ಇನ್ನೂ ನಾಲ್ಕು ದಿನವಿದೆ. ಏನು ನಿರ್ಧರಿಸಿದೆ ಎಂದು ನಾನು ಕೇಳಿಲ್ಲ.