ಮೊಳಕೆಯ ಕಣವನ್ನು ಮತ್ತೆ ತೆರೆದವರು

ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಇಳಿಸುವ ಸಿಂಗಲ್ ಮಾಲ್ಟ್ ವಿಸ್ಕಿಯ ಮಾತು ಬಂದಾಗಲೆಲ್ಲ ನನ್ನ ಗೆಳೆಯರು ಮೊದಲು ಕೇಳುವುದು ‘ಎಷ್ಟು ವರ್ಷದ್ದು?’ ಎಂದು, ಆಮೇಲೆ ಕೇಳುವುದು ‘ಎಷ್ಟು ಕೊಟ್ಟೆ?’ ಎಂದು. ಕಾಳು ಎಲ್ಲಿ ಮೊಳೆಯಿತು, ಅದನ್ನು ಮಗುಚಿದವರು ಯಾರು, ಯಾವ ಬೆಂಕಿಯಲ್ಲಿ ಒಣಗಿಸಿದರು ಎಂದು ಈವರೆಗೆ ಯಾರೂ ಕೇಳಿಲ್ಲ. ಸ್ಕಾಟ್ಲೆಂಡಿನ ಕ್ಯಾಂಬೆಲ್‌ಟೌನ್ ಎಂಬ ಪುಟ್ಟ ಊರಿನಲ್ಲಿರುವ ಸ್ಪ್ರಿಂಗ್‌ಬ್ಯಾಂಕ್ ಡಿಸ್ಟಿಲರಿಯನ್ನು ನೋಡಿ ಬಂದ ಮೇಲೆ, ಈ ಪಾನೀಯದ ಯೋಗ್ಯತೆಯಲ್ಲಿ ದೊಡ್ಡ ಪಾಲು ಪೀಪಾಯಿಗೆ ಇಳಿಯುವ ಮೊದಲೇ ತೀರ್ಮಾನವಾಗಿರುತ್ತದೆ ಎಂದು ನನಗೆ ಮನವರಿಕೆಯಾಗಿದೆ. ಆ ಕೆಲಸವನ್ನು ಕಣ್ಣಾರೆ ಕಂಡವನಾಗಿ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿತು.

ಗ್ಲಾಸ್ಗೋದಿಂದ ಕ್ಯಾಂಬೆಲ್‌ಟೌನಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಗೂ ಮಿಕ್ಕಿದ ದಾರಿ. ಬೆಟ್ಟ ಹತ್ತಿ ಇಳಿದು, ಸರೋವರಗಳ ಅಂಚು ಹಿಡಿದು, ಕಿನ್‌ಟೈರ್ ಎಂಬ ಸಪೂರ ನೆಲದ ಚಾಚಿನ ಬಹುತೇಕ ತುದಿಯವರೆಗೆ ಹೋಗಬೇಕು. 1880ರ ದಶಕದಲ್ಲಿ ಈ ಒಂದೇ ಊರಿನಲ್ಲಿ 21 ಡಿಸ್ಟಿಲರಿಗಳು ಹೊಗೆಯಾಡುತ್ತಿದ್ದವು. ಕೈಗೆಟುಕುವ ದೂರದಲ್ಲಿ ಕಲ್ಲಿದ್ದಲಿತ್ತು, ಒಳ್ಳೆಯ ಬಂದರಿತ್ತು, ಬೇಡಿಕೆಗೆ ಕೊನೆಯೇ ಇರಲಿಲ್ಲ. ಆ ಬೇಡಿಕೆಯ ಬೆನ್ನುಹತ್ತಿ ಹಲವರು ಅವಸರದಲ್ಲಿ ಕಳಪೆ ಮಾಲು ಇಳಿಸಿದರು. ಊರಿನ ಹೆಸರು ಕೆಟ್ಟಿತು. ಅದೇ ಹೊತ್ತಿಗೆ ಅಮೆರಿಕ 1920ರಲ್ಲಿ ಪಾನನಿಷೇಧ ತಂದಿತು, ಹತ್ತಿರದ ಕಲ್ಲಿದ್ದಲ ಗಣಿಯೂ ಮುಚ್ಚಿತು. 1930ರ ದಶಕದ ನಡುವಿಗೆ ಉಳಿದವು ಎರಡೇ, ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ. ಮೂರನೆಯದಾದ ಗ್ಲೆನ್‌ಗೈಲ್, 1925ರಲ್ಲಿ ಮುಚ್ಚಿದ್ದು, ಸ್ಪ್ರಿಂಗ್‌ಬ್ಯಾಂಕಿನ ಒಡೆಯರಿಂದಲೇ 2004ರಲ್ಲಿ ಮರುಜೀವ ಪಡೆಯಿತು.

ಸ್ಪ್ರಿಂಗ್‌ಬ್ಯಾಂಕ್ ಶುರುವಾದದ್ದು 1828ರಲ್ಲಿ. ಇಂದಿಗೂ ಮಿಚೆಲ್ ಕುಟುಂಬದ ಹೆಸರಿನ ಕಂಪನಿಯೇ ಅದನ್ನು ನಡೆಸುತ್ತಿದೆ. ಬಾರ್ಲಿಯನ್ನು ನೆನೆಹಾಕುವುದರಿಂದ ಹಿಡಿದು ಬಾಟಲಿಗೆ ಚೀಟಿ ಅಂಟಿಸುವವರೆಗೆ ಎಲ್ಲ ಕೆಲಸವೂ ಅದೇ ಊರಿನಲ್ಲಿ, ಅದೇ ಆವರಣದಲ್ಲಿ ನಡೆಯುತ್ತದೆ. ಸ್ಕಾಟ್ಲೆಂಡಿನ ಬಹುಪಾಲು ಡಿಸ್ಟಿಲರಿಗಳು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ದೊಡ್ಡ ಕಾರ್ಖಾನೆಗಳಿಂದ ಲಾರಿಗಟ್ಟಲೆ ತರಿಸಿಕೊಳ್ಳುತ್ತವೆ. ಬಾಲ್ವೆನಿ, ಬೋಮೋರ್, ಲಫ್ರೋಯ್ಗ್‌ನಂಥ ಕೆಲವು ಮಾತ್ರ ತಮಗೆ ಬೇಕಾದುದರಲ್ಲಿ ಒಂದು ಪಾಲನ್ನು ತಾವೇ ಮಾಡಿಕೊಳ್ಳುತ್ತವೆ. ಸ್ಪ್ರಿಂಗ್‌ಬ್ಯಾಂಕ್ ತನಗೆ ಬೇಕಾದ ಅಷ್ಟನ್ನೂ ನೆಲದ ಮೇಲೆ ಹರವಿ, ಕೈಯಲ್ಲೇ ಮೊಳಕೆ ಬರಿಸುತ್ತದೆ.

ಮಾಲ್ಟ್ ಎಂಬ ಪದ ನಮಗೆ ಹೊಸದಲ್ಲ, ರಾಗಿ ಮಾಲ್ಟ್ ಕುಡಿದೇ ಬೆಳೆದವರು ನಾವು. ಅಮ್ಮ ರಾಗಿಯನ್ನು ತೊಳೆದು, ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟು, ಬಿಳಿ ಮೊಳಕೆ ಇಣುಕಿದೊಡನೆ ನೆರಳಲ್ಲಿ ಆರಿಸಿ, ಹುರಿದು, ಬೀಸಿಸುತ್ತಿದ್ದಳು. ಅಲ್ಲಿ ನಡೆಯುವುದೂ ಇದೇ. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳನ್ನು ಸಿದ್ಧಮಾಡಿಕೊಳ್ಳುತ್ತದೆ. ಗಿಡವಾಗುವ ಮುನ್ನ ಅದನ್ನು ಬಿಸಿಗೆ ಒಡ್ಡಿ ತಡೆದರೆ ಆ ಪಿಷ್ಟವೂ ಕಿಣ್ವವೂ ನಮ್ಮ ಕೈಗೆ ಉಳಿಯುತ್ತವೆ. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ದಿನ ಮೊಳಕೆ ಬಿಡ್ತಾರೆ?” ಐದಾರು ದಿನ ಎಂದೆ. “ಅಲ್ಲಿ ಚಳಿ ಅಲ್ವಾ, ಮತ್ತೆ. ನಮಗೆ ಬೇಸಿಗೇಲಿ ಎರಡು ದಿನ ಸಾಕು” ಎಂದಳು. ಇಡೀ ಕಸುಬಿನ ಕೀಲಿ ಆ ಮಾತಿನಲ್ಲಿತ್ತು, ಏಕೆಂದರೆ ಮೊಳಕೆಯ ಕಣದಲ್ಲಿ ಕೆಲಸ ಮಾಡುವವನು ದಿನವಿಡೀ ಸೆಣಸುವುದು ಶಾಖದೊಂದಿಗೆ.

ತಗ್ಗು ಸೂರಿನ ಉದ್ದನೆಯ ಕೋಣೆ, ನೆಲದ ತುಂಬ ಮೊಣಕಾಲಿಗಿಂತ ತಗ್ಗಾಗಿ ಹರವಿದ ಹಸಿ ಬಾರ್ಲಿ, ಹೊಸದಾಗಿ ಕೊಯ್ದ ಸೌತೆಕಾಯಿಯನ್ನು ನೆನಪಿಸುವ ತಣ್ಣನೆಯ ವಾಸನೆ. ಮೊಳೆಯುವ ಕಾಳು ತಾನೇ ಬಿಸಿಯಾಗುತ್ತದೆ. ಹಾಗೆಯೇ ಬಿಟ್ಟರೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ಹಾಸು ಚಾಪೆಯಂತೆ ಗಟ್ಟಿಯಾಗುತ್ತದೆ, ಒಳಗೆ ಮುಗ್ಗಲು ಹಿಡಿಯುತ್ತದೆ. ಆದ್ದರಿಂದ ಕೆಲವು ಗಂಟೆಗಳಿಗೊಮ್ಮೆ, ಹಗಲೆನ್ನದೆ ಇರುಳೆನ್ನದೆ, ಸಲಿಕೆಯಲ್ಲಿ ಎತ್ತಿ ಮಗುಚಬೇಕು, ಕುಂಟೆ ಎಳೆಯಬೇಕು. ವರ್ಷಗಟ್ಟಲೆ ಸಲಿಕೆ ಹಿಡಿದವರ ಒಂದು ಭುಜ ಜೋತುಬೀಳುತ್ತಿದ್ದ ಕಾಯಿಲೆಗೆ ಆ ಜನ ‘ಮಂಕಿ ಶೋಲ್ಡರ್’ ಎಂದು ಹೆಸರಿಟ್ಟಿದ್ದರು. ನಾನು ನೋಡುತ್ತಿದ್ದಾಗ ಕೆಲಸಗಾರನೊಬ್ಬ ಒಂದು ಕಾಳನ್ನು ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಳಗಿನ ತಿರುಳನ್ನು ಎರಡು ಬೆರಳಿನ ನಡುವೆ ಉಜ್ಜಿದ. ಸೀಮೆಸುಣ್ಣದ ಪುಡಿಯಂತೆ ನಯವಾಗಿ ಹರಡಿದರೆ ಕಾಳು ಹದಕ್ಕೆ ಬಂದಿದೆ ಎಂದರ್ಥ. ಗಂಟು ಸಿಕ್ಕರೆ ಇನ್ನೂ ಕಾಯಬೇಕು. ಅವನ ಬೆರಳಲ್ಲಿ ಸಣ್ಣ ಗಂಟೊಂದು ಉಳಿಯಿತು. ಅವನು ತಲೆಯಾಡಿಸಿ ಮತ್ತೆ ಕುಂಟೆ ಹಿಡಿದ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಸಂಗತಿಯೊಂದಿದೆ. ಈ ಕಣ ಅಜ್ಜನ ಕಾಲದಿಂದ ತಾನಾಗಿ ಉಳಿದು ಬಂದದ್ದಲ್ಲ. 1960ರಲ್ಲಿ ಸ್ಪ್ರಿಂಗ್‌ಬ್ಯಾಂಕ್ ಕೂಡ ಎಲ್ಲರಂತೆ ಮೊಳಕೆ ಕಟ್ಟುವುದನ್ನು ನಿಲ್ಲಿಸಿತ್ತು. 1979ರಿಂದ ಕೆಲವು ವರ್ಷ ಭಟ್ಟಿಯೇ ಮುಚ್ಚಿತ್ತು. 1992ರಲ್ಲಿ, ಹೆಡ್ಲಿ ರೈಟ್ ಅವರ ಒಡೆತನದಲ್ಲಿ, ಕಣವನ್ನು ಮತ್ತೆ ತೆರೆದರು. ಸಿದ್ಧ ಮಾಲ್ಟ್ ಫೋನು ಮಾಡಿದರೆ ಬಾಗಿಲಿಗೆ ಬರುತ್ತಿದ್ದ ಕಾಲದಲ್ಲಿ, ಲೆಕ್ಕದ ಪುಸ್ತಕ ಬೇಡವೆನ್ನುವ ಕೆಲಸಕ್ಕೆ ಸಂಬಳ ಕೊಟ್ಟು ಜನರನ್ನು ನಿಲ್ಲಿಸಿದರು. ಸಂಪ್ರದಾಯ ಎಂಬ ಮಾತನ್ನು ಜಾಹೀರಾತುಗಳಲ್ಲಿ ಓದಿ ಓದಿ ನನಗೆ ಬೇಸರ ಬಂದಿತ್ತು. ನಿಂತು ಹೋದದ್ದನ್ನು ಕಷ್ಟವೆಂದು ತಿಳಿದೂ ಮತ್ತೆ ಕೈಗೆತ್ತಿಕೊಂಡ ಈ ನಿರ್ಧಾರಕ್ಕೆ ಮಾತ್ರ ಆ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ.

ಆಮೇಲಿನದು ಬೆಂಕಿಯ ಕೆಲಸ. ಒಂದೇ ಆವರಣದಲ್ಲಿ ಮೂರು ಬಗೆಯ ವಿಸ್ಕಿ ಹುಟ್ಟುವುದಕ್ಕೆ ಮೊದಲ ಕಾರಣ ಕಾಳನ್ನು ಒಣಗಿಸುವ ಗೂಡಿನಲ್ಲಿದೆ. ಪೀಟ್ ಎಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಹುಲ್ಲು ಪಾಚಿಗಳ ಮಣ್ಣು. ಅದರ ಹೊಗೆ ಕಾಳಿಗೆ ಅಂಟಿಕೊಳ್ಳುತ್ತದೆ. ಸ್ಪ್ರಿಂಗ್‌ಬ್ಯಾಂಕ್ ವಿಸ್ಕಿಗೆ ಸುಮಾರು ಆರು ಗಂಟೆ ಪೀಟ್ ಹೊಗೆ, ಮಿಕ್ಕ ಹೊತ್ತು ಬಿಸಿಗಾಳಿ. ಲಾಂಗ್‌ರೋ ವಿಸ್ಕಿಗೆ ಎರಡು ದಿನದವರೆಗೂ ಬರಿಯ ಹೊಗೆ. ಹೇಜಲ್‌ಬರ್ನ್‌ಗೆ ಹೊಗೆಯೇ ಇಲ್ಲ. ಕೊನೆಯ ಎರಡೂ ಇದೇ ಊರಿನಲ್ಲಿ ಮುಚ್ಚಿಹೋದ ಡಿಸ್ಟಿಲರಿಗಳ ಹೆಸರುಗಳು. ಜಪಾನಿನಲ್ಲಿ ವಿಸ್ಕಿಗೆ ಬುನಾದಿ ಹಾಕಿದ ಮಸತಾಕ ತಕೆತ್ಸುರು 1920ರಲ್ಲಿ ಕೆಲಸ ಕಲಿತದ್ದು ಆ ಹಳೆಯ ಹೇಜಲ್‌ಬರ್ನ್‌ನಲ್ಲೇ.

ಬೀಸಿದ ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿ ಸಿಹಿ ರಸ ತೆಗೆದು, ಮರದ ತೊಟ್ಟಿಗಳಲ್ಲಿ ಯೀಸ್ಟ್ ಹಾಕಿ ಮೂರು ದಿನಕ್ಕೂ ಹೆಚ್ಚು ಹುಳಿಯಲು ಬಿಡುತ್ತಾರೆ. ಅನಂತರ ಅದನ್ನು ಕಾಯಿಸಿ ಭಟ್ಟಿ ಇಳಿಸುವ ತಾಮ್ರದ ಮೂರು ಹಂಡೆಗಳು. ಮೊದಲನೆಯದಕ್ಕೆ ಇಂದಿಗೂ ಅಡಿಯಿಂದ ನೇರ ಉರಿ ಕೊಡುತ್ತಾರೆ; ತಳ ಹಿಡಿಯದಂತೆ ಒಳಗೆ ತಾಮ್ರದ ಸರಪಳಿಗಳು ಸುತ್ತುತ್ತ ತಳವನ್ನು ಕೆರೆಯುತ್ತಿರುತ್ತವೆ. ಹೇಜಲ್‌ಬರ್ನ್ ಮೂರು ಸಲ ಇಳಿಯುತ್ತದೆ, ಲಾಂಗ್‌ರೋ ಎರಡು ಸಲ. ಸ್ಪ್ರಿಂಗ್‌ಬ್ಯಾಂಕಿನದು ಎರಡೂವರೆ ಸಲ ಎಂದು ಹೇಳುವ ರೂಢಿ, ಏಕೆಂದರೆ ಕೊನೆಯ ಹಂಡೆಗೆ ಹೋಗುವುದರಲ್ಲಿ ಬಹುಪಾಲು ಎರಡು ಸಲ ಇಳಿದದ್ದು, ಉಳಿದದ್ದು ಒಂದೇ ಸಲ ಇಳಿದದ್ದು. ಮೊದಲು ಬರುವ ಕಟುವಾದ ಭಾಗವನ್ನೂ ಕೊನೆಗೆ ಬರುವ ಜಿಡ್ಡಿನ ಭಾಗವನ್ನೂ ಬದಿಗೆ ತಿರುಗಿಸಿ, ನಡುವಿನದನ್ನಷ್ಟೇ ಆರಿಸಿಕೊಳ್ಳುವುದು ಹಂಡೆಯ ಮುಂದೆ ನಿಂತವನ ವಿವೇಚನೆ. ಅವನು ಒಂದು ಹನಿಯನ್ನೂ ನಾಲಿಗೆಗೆ ಹಚ್ಚುವಂತಿಲ್ಲ, ಇಳಿದದ್ದು ಹಾದುಹೋಗುವ ಹಿತ್ತಾಳೆ ಕಟ್ಟಿನ ಗಾಜಿನ ಪೆಟ್ಟಿಗೆಗೆ ಬೀಗ ಹಾಕಿರುತ್ತದೆ.

ಇಷ್ಟಾದ ಮೇಲೆ ಪೀಪಾಯಿ, ಇಷ್ಟಾದ ಮೇಲೆ ವರ್ಷಗಳ ಲೆಕ್ಕ. ಸ್ಕಾಚ್ ಎನ್ನಿಸಿಕೊಳ್ಳಲು ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಸ್ಕಾಟ್ಲೆಂಡಿನಲ್ಲೇ ಕಳೆಯಬೇಕೆಂಬ ಕಾನೂನಿದೆ. ವರ್ಷ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಹವೆಗೆ ತಕ್ಕ ಮಾತು. ಅಲ್ಲಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗುತ್ತದೆ. ಬೆಂಗಳೂರಿನಲ್ಲಿ ಅದು ಶೇಕಡಾ 10ನ್ನೂ ದಾಟುತ್ತದೆ. 2004ರಲ್ಲಿ ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಹೆಸರು ಗಳಿಸಿದ್ದು ಕೆಲವೇ ವರ್ಷ ಮಾಗಿದ ವಿಸ್ಕಿಯಿಂದ. ಬಾಟಲಿಯ ಮೇಲಿನ ಅಂಕಿಯೊಂದನ್ನೇ ನೋಡಿ ಅಳೆಯುವವರು ಇದನ್ನು ಯೋಚಿಸಬೇಕು.

ಸ್ಪ್ರಿಂಗ್‌ಬ್ಯಾಂಕ್ ವರ್ಷಕ್ಕೆ ಇಳಿಸುವುದು ಕೆಲವೇ ಲಕ್ಷ ಲೀಟರ್. ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ ದೊಡ್ಡ ಡಿಸ್ಟಿಲರಿಗಳ ಸಾಮರ್ಥ್ಯ ಎರಡು ಕೋಟಿ ಲೀಟರನ್ನು ಮೀರುತ್ತದೆ. ಸಿಗುವುದು ಕಡಿಮೆಯಾದ್ದರಿಂದ ಕೊಂಡವರು ಮುಚ್ಚಳ ತೆಗೆಯದೆ ಹರಾಜಿಗೆ ಒಯ್ದು ಹಲವು ಪಟ್ಟು ಬೆಲೆಗೆ ಮಾರುತ್ತಾರೆ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ನಟ್ಟಿರುಳಲ್ಲಿ ಎದ್ದು ಕಾಳು ಮಗುಚಿದವನ ಶ್ರಮ ಬೀರುವಿನ ಕತ್ತಲಲ್ಲಿ ಷೇರುಪತ್ರವಾಗಿ ಕೂರಬಾರದು. ಬಣ್ಣ ಬೆರೆಸದೆ, ಅತಿಯಾಗಿ ತಣಿಸಿ ಸೋಸದೆ, ಶೇಕಡಾ 46ರ ಮದ್ಯಸಾರದ ಬಲದಲ್ಲಿ ಅವರು ಬಾಟಲಿಗೆ ತುಂಬುವುದು ಯಾರಾದರೂ ಕುಡಿಯಲಿ ಎಂದೇ.

ನಾನು ತಂದದ್ದು ಹತ್ತು ವರ್ಷದ ಒಂದು ಬಾಟಲಿ. ಕಳೆದ ಶನಿವಾರ ನಾಲ್ವರು ಗೆಳೆಯರ ನಡುವೆ ಅದರ ಮುಚ್ಚಳ ತೆಗೆದೆವು, ಕೆಲವು ಹನಿ ನೀರು ಬೆರೆಸಿ ನಿಧಾನವಾಗಿ ಕುಡಿದೆವು. ಉಪ್ಪುಗಾಳಿಯ ಹಾಗಿದೆ ಎಂದ ಒಬ್ಬ. ಸೌದೆ ಒಲೆಯ ಮೇಲೆ ಹುರಿದ ಕಾಳಿನ ಹಾಗಿದೆ ಎಂದ ಇನ್ನೊಬ್ಬ. ಅದು ಯಾರ ಕೈಯಲ್ಲಿ ಮೊಳೆಯಿತು ಎಂದು ಕೊನೆಗೂ ಒಬ್ಬ ಕೇಳಿದ, ನಾನು ಆ ಗಂಟು ಸಿಕ್ಕ ಕಾಳಿನ ಕಥೆ ಹೇಳಿದೆ.